ಬೇರಿಂಗ್‌ಗೆ ಸುತ್ತಿಗೆ ಬೇಡ: ಆಕ್ಷೇಪಗಳಿಗೆ ಉತ್ತರ

ಕಾರಿನ ಚಕ್ರದ ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬಾರದು, ಪ್ರೆಸ್‌ನಲ್ಲೇ ಒತ್ತಿ ಕೂರಿಸಬೇಕು, ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚ್ ಹಿಡಿದೇ ಬಿಗಿಯಬೇಕು ಎಂದು ಬಹಳ ದಿನದಿಂದ ಹೇಳುತ್ತ ಬಂದಿದ್ದೇನೆ. ಇದಕ್ಕೆ ಗ್ಯಾರೇಜಿನ ಗೆಳೆಯರಿಂದಲೂ ಕಾರು ಇಟ್ಟುಕೊಂಡವರಿಂದಲೂ ಆಕ್ಷೇಪಗಳು ಬಂದಿವೆ. ಕೆಲವರು ಸಿಟ್ಟಿನಲ್ಲೇ ಮಾತಾಡಿದರು. ದಿನವಿಡೀ ಕಾರಿನಡಿ ಮಲಗಿ ದುಡಿಯುವವರಿಗೆ ‘ನೀವು ಮಾಡುವ ರೀತಿ ಸರಿಯಿಲ್ಲ’ ಎಂದರೆ ನೋವಾಗುವುದು ಸಹಜ, ಆ ಸಿಟ್ಟಿನ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಇಡೀ ಕಾರಿನ ಭಾರ ನಿಂತಿರುವುದು ಆ ನಾಲ್ಕು ಬೇರಿಂಗ್‌ಗಳ ಮೇಲೆ. ಅದರಲ್ಲಿ ಕೂತು ಹೋಗುವವರು ನಮ್ಮ ಮನೆಯವರೇ. ಹಾಗಾಗಿ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕೇಳಿಬಂದ ಮಾತು ಇದು: ‘ನಮ್ಮ ಗುರುಗಳು ಜೀವಮಾನವಿಡೀ ಸುತ್ತಿಗೆ, ಹಿತ್ತಾಳೆ ರಾಡು ಹಿಡಿದೇ ಬೇರಿಂಗ್ ಕೂರಿಸಿದರು. ಅವರೇನು ಕೆಲಸ ಬಾರದವರೇ?’

ಖಂಡಿತ ಅಲ್ಲ. ಅವರು ಮಾಡಿದ್ದು ಅವರ ಕೈಗೆ ಬಂದ ಗಾಡಿಗೆ ಸರಿಯಾಗಿಯೇ ಇತ್ತು. ಮಹೀಂದ್ರ ಜೀಪಿನ ಮುಂದಿನ ಹಬ್ ಬಿಚ್ಚಿದವರಿಗೆ ಗೊತ್ತು, ಅಲ್ಲಿರುವುದು ಒಳಗೊಂದು ಹೊರಗೊಂದು ಟೇಪರ್ ರೋಲರ್ ಬೇರಿಂಗ್. ಅಮೆರಿಕದ ಹೆನ್ರಿ ಟಿಮ್ಕನ್ 1898ರಲ್ಲಿ ಪೇಟೆಂಟ್ ಪಡೆದ ಜಾತಿ ಅದು. ಅದರಲ್ಲಿ ಕಪ್ ಬೇರೆ, ರೋಲರ್ ಹೊತ್ತ ಕೋನ್ ಬೇರೆ. ಹಬ್‌ನೊಳಗೆ ಬಿಗಿಯಾಗಿ ಕೂರಬೇಕಾದದ್ದು ಕಪ್ ಮಾತ್ರ. ಹಿತ್ತಾಳೆ ರಾಡಿನಲ್ಲಿ ಸುತ್ತಲೂ ಸಮನಾಗಿ ತಟ್ಟುತ್ತ ಹೋದರೆ ಅದು ಇಳಿಯುತ್ತದೆ, ತಳ ಮುಟ್ಟಿದ ಕೂಡಲೇ ಏಟಿನ ಸದ್ದು ಗಟ್ಟಿಯಾಗುತ್ತದೆ. ಅನುಭವಸ್ಥರು ಆ ಸದ್ದಿನಿಂದಲೇ ಕೆಲಸ ಮುಗಿಯಿತೆಂದು ತಿಳಿಯುತ್ತಿದ್ದರು. ಕೋನಿಗೆ ಅಂಗೈಯಲ್ಲಿ ಗ್ರೀಸ್ ಒತ್ತಿ ತುಂಬಿ ಸ್ಪಿಂಡಲ್‌ಗೆ ಏರಿಸಿದರೆ ತಾನಾಗಿ ಜಾರಿ ಕೂರುತ್ತದೆ. ಚಕ್ರ ತಿರುಗಿಸುತ್ತ ನಟ್ ಬಿಗಿದು, ಒಂದಿಷ್ಟು ಸಡಿಲಿಸಿ, ಲಾಕ್ ಮಡಿಚಿದರೆ ಆಯಿತು. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಸುತ್ತಿಗೆಯ ಏಟು ಬೀಳುವ ಹೊತ್ತಿನಲ್ಲಿ ರೋಲರ್‌ಗಳು ಹಬ್‌ನೊಳಗೆ ಇರುವುದೇ ಇಲ್ಲ. ಏಟು ಕಪ್‌ಗೆ ಬಿತ್ತು, ಅಲ್ಲಿಂದ ಹಬ್‌ಗೆ ಹೋಯಿತು, ಅಷ್ಟೇ.

1983ರ ಕೊನೆಗೆ ಮಾರುತಿ 800 ಬಂತು. ಎಂಜಿನ್ನಿನ ಬಲ ಮುಂದಿನ ಚಕ್ರಕ್ಕೇ ಹೋಗುವ ಕಾರುಗಳು ಊರೂರಿಗೂ ತಲುಪಿದವು. ಇಂದಿನ ಹೆಚ್ಚಿನ ಕಾರುಗಳ ಮುಂದಿನ ಚಕ್ರದಲ್ಲಿರುವುದು ಎರಡು ಸಾಲು ಗುಂಡುಗಳ, ಎರಡೂ ಬದಿ ಸೀಲ್ ಹಾಕಿದ, ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಮುಚ್ಚಿದ ಒಂದೇ ಗಂಟು. ಅದರ ಔಟರ್ ರೇಸ್ (ಹೊರ ಉಂಗುರ) ಚಕ್ರ ಹೊರುವ ನಕಲ್‌ನೊಳಗೆ ಬಿಗಿ, ಇನ್ನರ್ ರೇಸ್ (ಒಳ ಉಂಗುರ) ಹಬ್‌ನ ಮೇಲೆ ಬಿಗಿ. ಎರಡು ರೇಸ್‌ಗಳ ನಡುವೆ ಗುಂಡುಗಳು ಯಾವಾಗಲೂ ಇದ್ದೇ ಇರುತ್ತವೆ. ಇನ್ನರ್ ರೇಸ್‌ಗೆ ಹೊಡೆದು ಔಟರ್ ಕೂರಿಸಿದರೂ, ಔಟರ್‌ಗೆ ಆಧಾರ ಕೊಟ್ಟು ಹಬ್ಬನ್ನು ಇನ್ನರ್‌ಗೆ ಬಡಿದರೂ ಆ ಏಟು ದಾಟುವುದು ಗುಂಡುಗಳ ಮೂಲಕವೇ. ಗುಂಡು ರೇಸನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತ ಕಿರಿದು. ಇಡೀ ಏಟಿನ ಬಲ ಅಷ್ಟು ಜಾಗದಲ್ಲಿ ಇಳಿಯಬೇಕು.

ಎಷ್ಟು ಸಣ್ಣ ತಗ್ಗು ಬಿದ್ದರೆ ಬೇರಿಂಗ್‌ಗೆ ಕೇಡು ಎಂಬುದಕ್ಕೆ ಅಂತರರಾಷ್ಟ್ರೀಯ ಅಳತೆಯೊಂದಿದೆ. ನಿಂತ ಬೇರಿಂಗ್ ಹೊರಬಹುದಾದ ಭಾರದ ಮಿತಿಯನ್ನು ಐಎಸ್‌ಒ 76 ಎಂಬ ಮಾನದಂಡ ನಿಗದಿ ಮಾಡುತ್ತದೆ. ಗುಂಡು ಮತ್ತು ರೇಸ್ ಎರಡೂ ಸೇರಿ ಗುಂಡಿನ ವ್ಯಾಸದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಶಾಶ್ವತವಾಗಿ ತಗ್ಗುವ ಹಂತವೇ ಆ ಮಿತಿ. ಗುಂಡು 12 ಮಿ.ಮೀ. ಇದ್ದರೆ ಆ ತಗ್ಗು 0.0012 ಮಿ.ಮೀ. ಕಣ್ಣಿಗೆ ಕಾಣದ ಅಳತೆ ಅದು. ನೆಲದ ಮೇಲೆ ನಕಲ್ ಇಟ್ಟು ಎರಡು ಕೆ.ಜಿ. ಸುತ್ತಿಗೆಯಲ್ಲಿ ಬಿಟ್ಟ ಒಂದು ಅಡ್ಡ ಏಟು ಈ ಮಿತಿಯೊಳಗೆ ಉಳಿಯುತ್ತದೆಂದು ನಂಬಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

‘ಹೊಡೆದು ಕೂರಿಸಿದ ಮೇಲೂ ಚಕ್ರ ನುಣ್ಣಗೆ ತಿರುಗಿತಲ್ಲ’ ಎನ್ನುತ್ತಾರೆ. ಅವತ್ತು ತಿರುಗುತ್ತದೆ, ನಿಜ. ಸಣ್ಣ ಕಾರಿನ ಚಕ್ರ ಗಂಟೆಗೆ 80 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 700 ಸುತ್ತು ಸುತ್ತುತ್ತದೆ. ಸಾವಿರ ಕಿ.ಮೀ. ಓಡುವಷ್ಟರಲ್ಲಿ ಐದು ಲಕ್ಷ ಸುತ್ತು ದಾಟಿರುತ್ತದೆ. ಪ್ರತಿ ಸುತ್ತಿನಲ್ಲೂ ಗುಂಡುಗಳು ಆ ತಗ್ಗಿನ ಅಂಚನ್ನು ತುಳಿದು ಹೋಗುತ್ತವೆ. ಅಂಚು ಬಿರಿಯುತ್ತದೆ, ಉಕ್ಕಿನ ಹೊಪ್ಪಳೆ ಏಳುತ್ತದೆ, ಗ್ರೀಸಿನಲ್ಲಿ ಲೋಹದ ಪುಡಿ ಬೆರೆಯುತ್ತದೆ. ಕೆಲವು ತಿಂಗಳು ಕಳೆದು ಗುಂಯ್ ಎನ್ನುವ ಸದ್ದು ಮತ್ತೆ ಶುರುವಾದಾಗ ಮಾಲೀಕರು ಬೇರೆ ಗ್ಯಾರೇಜಿಗೆ ಹೋಗಿರುತ್ತಾರೆ, ಅಥವಾ ‘ಈಗಿನ ಬೇರಿಂಗ್‌ಗಳೇ ಹೀಗೆ, ಬಾಳಿಕೆ ಇಲ್ಲ’ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಗಾಡಿ ವಾಪಸ್ ಬರಲಿಲ್ಲ ಎಂದಮಾತ್ರಕ್ಕೆ ಕೆಲಸ ಸರಿಯಾಗಿತ್ತು ಎಂದು ಹೇಳಲು ಆಗದು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಬೇಗ ಹೋದ ಬೇರಿಂಗ್ ಸಿಕ್ಕಾಗ ಎಸೆಯಬೇಡಿ. ಎರಡು ತುಂಡಾಗಿರುವ ಇನ್ನರ್ ರೇಸಿನ ಅರ್ಧ ಭಾಗ ತೆಗೆದು ಡೀಸೆಲ್‌ನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ಗುಂಡು ಓಡುವ ಹಾದಿ ಕನ್ನಡಿಯಂತೆ ಹೊಳೆಯುತ್ತಿರಬೇಕು. ಏಟು ತಿಂದ ರೇಸಿನಲ್ಲಿ ಒಂದು ಗುಂಡಿಗೂ ಮುಂದಿನ ಗುಂಡಿಗೂ ಇರುವಷ್ಟೇ ಅಂತರದಲ್ಲಿ ಸಾಲಾಗಿ ಮಂಕು ಚುಕ್ಕೆಗಳು ಕಾಣುತ್ತವೆ. ಬಾಲ್ ಪೆನ್ನಿನ ತುದಿಯನ್ನು ಹಾದಿಯುದ್ದಕ್ಕೂ ಹಗುರವಾಗಿ ಎಳೆದರೆ ಪ್ರತಿ ಚುಕ್ಕೆಯಲ್ಲೂ ತುಸು ತಡವರಿಸುತ್ತದೆ. ಓಡಿ ಸವೆದ ಬೇರಿಂಗ್‌ನಲ್ಲಿ ಇಷ್ಟು ಅಚ್ಚುಕಟ್ಟಾದ ಅಂತರ ಇರುವುದಿಲ್ಲ, ಅಲ್ಲಿ ಹೊಪ್ಪಳೆ ಎದ್ದ ಪಟ್ಟಿ ಅಡ್ಡಾದಿಡ್ಡಿ ಹರಡಿರುತ್ತದೆ. ರಸ್ತೆಗುಂಡಿಯಲ್ಲಿ ಜೋರಾಗಿ ಇಳಿದ ಅಥವಾ ಡಿವೈಡರ್‌ಗೆ ಬಡಿದ ಚಕ್ರದಲ್ಲೂ ಅಂಥ ಸಾಲು ಚುಕ್ಕೆ ಬೀಳಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಹೊಸದಾಗಿ ಹಾಕಿಸಿದ ಬೇರಿಂಗ್ ಅಂಥ ಯಾವ ಅಪಘಾತವೂ ಇಲ್ಲದೆ ಹೀಗಾಗಿದ್ದರೆ ಕೂರಿಸಿದ ರೀತಿಯನ್ನೇ ಮೊದಲು ಅನುಮಾನಿಸಬೇಕು.

ಇನ್ನೊಬ್ಬರ ಆಕ್ಷೇಪ ಚುರುಕಾಗಿತ್ತು: ‘ಎಸ್‌ಕೆಎಫ್ ಕಂಪನಿಯೇ ಬೇರಿಂಗ್ ಕೂರಿಸುವ ಕಿಟ್ ಮಾರುತ್ತದೆ, ಅದರಲ್ಲಿ ಸುತ್ತಿಗೆ ಇದೆ. ಬೇರಿಂಗ್ ಮಾಡುವವರಿಗಿಂತ ನಿಮಗೆ ಹೆಚ್ಚು ಗೊತ್ತೇ?’ ಆ ಕಿಟ್ ಇರುವುದು ನಿಜ, ಅದರಲ್ಲಿ ಸುತ್ತಿಗೆ ಇರುವುದೂ ನಿಜ. ಜೊತೆಗೆ ಅಳತೆವಾರು ರಿಂಗುಗಳೂ ಉದ್ದನೆಯ ಕೊಳವೆಗಳೂ ಇವೆ. ಆ ರಿಂಗುಗಳು ಏತಕ್ಕೆಂದು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ: ಬಿಗಿಯಾಗಿ ಕೂರಬೇಕಾದ ರೇಸ್‌ಗೆ ಮಾತ್ರ ಬಲ ಬೀಳಲಿ, ಗುಂಡುಗಳ ಮೂಲಕ ಹಾಯದಿರಲಿ ಎಂದು. ಮೋಟರಿನ, ಪಂಪಿನ ಸಣ್ಣ ಬೇರಿಂಗ್‌ಗಳಿಗೆ ಅದು ಒಳ್ಳೆಯ ಸಾಧನ. ಚಕ್ರದ ಬೇರಿಂಗ್‌ನಲ್ಲಿ ಕೆಲಸ ಎರಡು ಹಂತ. ಮೊದಲು ಔಟರ್ ರೇಸನ್ನು ಒತ್ತಿ ನಕಲ್‌ನೊಳಕ್ಕೆ, ಆಮೇಲೆ ಸರ್ಕ್ಲಿಪ್ ಹಾಕಿ, ಹಬ್ಬನ್ನು ಇನ್ನರ್ ರೇಸಿನೊಳಕ್ಕೆ. ಎಡವುವುದು ಈ ಎರಡನೆಯ ಹಂತದಲ್ಲೇ. ಹಬ್ ಇಳಿಯುವಾಗ ಇನ್ನರ್ ರೇಸಿನ ಕೆಳಗೆ ಸರಿಯಾದ ಅಳತೆಯ ಬುಷ್ ಇಟ್ಟು ಆಧಾರ ಕೊಡಲೇಬೇಕು, ನಕಲ್ ಗಾಳಿಯಲ್ಲಿ ನಿಲ್ಲಬೇಕು. ಪ್ರೆಸ್‌ನ ಮೇಜಿನ ಮೇಲೆ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸ. ಗ್ಯಾರೇಜಿನ ನೆಲದ ಮೇಲೆ, ನಕಲ್ ಕಾಲಲ್ಲಿ ಒತ್ತಿಕೊಂಡು ಸುತ್ತಿಗೆ ಬೀಸುತ್ತ ಇದನ್ನು ಸಾಧಿಸುವುದು ಆಗದ ಮಾತು.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡಬೇಕು, ಯಾರೂ ಕೇಳದಿದ್ದರೂ. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಅನೇಕ ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲ್‌ನಲ್ಲೇ ಕಾಂತದ ಉಂಗುರ ಅಡಗಿರುತ್ತದೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಸೆನ್ಸರ್ ಓದುವುದು ಅದರಿಂದ. ಎರಡೂ ಬದಿ ನೋಡಲು ಹೆಚ್ಚುಕಡಿಮೆ ಒಂದೇ ತರಹ. ಉಲ್ಟಾ ಕೂರಿಸಿದರೆ ಮೀಟರಿನಲ್ಲಿ ಎಬಿಎಸ್ ದೀಪ ಹೊತ್ತಿಕೊಳ್ಳುತ್ತದೆ, ಮತ್ತೆ ಬಿಚ್ಚಿದರೆ ಹೊಸ ಬೇರಿಂಗ್ ಹಾಳು. ಕಾಗದಕ್ಕೆ ಹಾಕುವ ಸಣ್ಣ ಕ್ಲಿಪ್ ಹತ್ತಿರ ಹಿಡಿದರೆ ಯಾವ ಬದಿಯ ಸೀಲ್ ಎಳೆಯುತ್ತದೆ ಎಂದು ತಿಳಿಯುತ್ತದೆ. ಸೆನ್ಸರ್ ಇರುವ ಕಡೆಗೆ ಆ ಬದಿ ಹೋಗಬೇಕು. ದೊಡ್ಡ ಅಯಸ್ಕಾಂತ, ಸುತ್ತಿಗೆ ಎರಡನ್ನೂ ಆ ಸೀಲ್ ಹತ್ತಿರ ತರಬಾರದು.

‘ಹಳೇದು ಬಿಚ್ಚಲು ಗ್ಯಾಸ್ ಕಟರ್ ಹಿಡಿಯದೆ ಆಗುವುದೇ ಇಲ್ಲ’ ಎಂಬುದು ಕರಾವಳಿ ಕಡೆಯ ಮೆಕ್ಯಾನಿಕ್ಕುಗಳ ಮಾತು. ಮಂಗಳೂರು, ಕಾರವಾರದ ಉಪ್ಪು ಗಾಳಿ, ಆರು ತಿಂಗಳ ಮಳೆ ನೋಡಿದರೆ ಅವರ ಕಷ್ಟ ಅರ್ಥವಾಗುತ್ತದೆ. ನಕಲ್, ಬೇರಿಂಗ್ ತುಕ್ಕಿನಲ್ಲಿ ಬೆಸೆದುಕೊಂಡಿರುತ್ತವೆ. ಎಸೆಯುವ ಬೇರಿಂಗನ್ನು ಹೇಗಾದರೂ ತೆಗೆಯಿರಿ, ನನ್ನ ತಕರಾರಿಲ್ಲ. ತಕರಾರು ಇರುವುದು ಉಳಿಸಿಕೊಳ್ಳುವ ಹಬ್ ಬಗ್ಗೆ. ಹಬ್ ಹೊರಬಂದಾಗ ಇನ್ನರ್ ರೇಸಿನ ಅರ್ಧ ಅದಕ್ಕೇ ಕಚ್ಚಿಕೊಂಡು ಬರುತ್ತದೆ. ಅದನ್ನು ಬಿಡಿಸಲು ಜ್ವಾಲೆ ಹಿಡಿದು ಹಬ್ ಕೆಂಪಾಗುವವರೆಗೆ ಕಾಯಿಸುತ್ತಾರೆ. ಬೇರಿಂಗ್ ಕೂರುವ ಜಾಗದ ನುಣುಪೂ ಅಳತೆಯೂ ಅಲ್ಲಿಗೆ ಕೆಟ್ಟವು, ಉಕ್ಕಿನ ಗಡಸುತನವೂ ಹೋಯಿತು. ಎರಡು ಕಾಲಿನ ಪುಲ್ಲರ್‌ನ ಉಗುರು ಹಿಡಿಯುವಷ್ಟು ಜಾಗವಿದ್ದರೆ ಅದರಿಂದಲೇ ಎಳೆಯಬಹುದು. ಇಲ್ಲದಿದ್ದರೆ ಗ್ರೈಂಡರ್‌ನ ತೆಳ್ಳನೆ ಚಕ್ರದಲ್ಲಿ ರೇಸಿನ ಮೇಲೆ ಓರೆಯಾಗಿ ಗೀರು ಹಾಕುತ್ತ ಹೋಗಿ, ಕೊನೆಯ ಒಂದು ಮಿ.ಮೀ. ಬಾಕಿ ಇರುವಾಗ ನಿಲ್ಲಿಸಿ ಆ ಗೀರಿಗೆ ಉಳಿ ಇಟ್ಟು ಒಂದು ಏಟು ಕೊಡಬೇಕು. ಟಣ್ ಎಂದು ರೇಸ್ ಸೀಳುತ್ತದೆ, ಆಮೇಲೆ ಕೈಯಲ್ಲೇ ಜಾರುತ್ತದೆ. ಸುತ್ತಿಗೆಗೆ ಈ ಕೆಲಸದಲ್ಲಿ ನ್ಯಾಯವಾದ ಜಾಗ ಇರುವುದು ಇಲ್ಲಿ. ಕಣ್ಣಿಗೆ ಕನ್ನಡಕ ಹಾಕದೆ ಮಾತ್ರ ಮಾಡಬಾರದು, ಬೇರಿಂಗ್ ಉಕ್ಕು ಗಾಜಿನ ಹಾಗೆ ಚೂರು ಹಾರುತ್ತದೆ. ಗ್ರೈಂಡರ್ ತಪ್ಪಿ ಹಬ್‌ಗೇ ಆಳವಾಗಿ ತಾಗಿದರೆ ಹಬ್ ಬದಲಿಸಿ, ಎಮೆರಿ ಕಾಗದ ತಿಕ್ಕಿ ಮುಚ್ಚಬೇಡಿ.

ಹೊಸ ಬೇರಿಂಗನ್ನಂತೂ ಕಾಯಿಸಲೇಬಾರದು. ಸೀಲ್ ಇರುವ ಬೇರಿಂಗ್‌ಗೆ 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿ ತಾಗಿಸಬಾರದು ಎಂಬುದು ತಯಾರಕರ ಸೂಚನೆ. ಬದಲಿಗೆ ತಣ್ಣಗಾಗಿಸಬಹುದು. ಮನೆಯ ಫ್ರೀಜರ್‌ನಲ್ಲಿ ರಾತ್ರಿಯಿಡೀ ಇಟ್ಟ 72 ಮಿ.ಮೀ. ವ್ಯಾಸದ ಬೇರಿಂಗ್ ಸುಮಾರು 0.04 ಮಿ.ಮೀ. ಕುಗ್ಗುತ್ತದೆ. ಪ್ರೆಸ್‌ನ ಕೆಲಸ ಅಷ್ಟು ಸಲೀಸಾಗುತ್ತದೆ. ಹಾಗೆಂದು ‘ಫ್ರೀಜರ್ ಇದ್ದರೆ ಪ್ರೆಸ್ ಏಕೆ’ ಎನ್ನುವಂತಿಲ್ಲ. ನಕಲ್‌ಗೆ ಪೂರ್ತಿ ಇಳಿಯುವಷ್ಟರಲ್ಲಿ ಅದು ಬೆಚ್ಚಗಾಗಿರುತ್ತದೆ, ಹಬ್ ಕೂರಿಸುವ ಹಂತ ಇನ್ನೂ ಉಳಿದಿರುತ್ತದೆ.

ಆಕ್ಸಲ್ ನಟ್ ಬಗ್ಗೆ ಬಂದ ವಿರೋಧ ನನಗೆ ಅತ್ಯಂತ ಚಿಂತೆ ತಂದದ್ದು. ‘ಗಾಳಿ ಗನ್ ಹಿಡಿದು ಬಿಗಿದರೆ ಸಾಕು, ಟಾರ್ಕ್ ರೆಂಚ್ ಎಲ್ಲ ಕಂಪನಿ ಶೋರೂಮಿನವರಿಗೆ’ ಎನ್ನುತ್ತಾರೆ. ಆ ನಟ್ ಡ್ರೈವ್ ಶಾಫ್ಟ್ ಜಾರದಂತೆ ಹಿಡಿಯುವುದಕ್ಕೆ ಮಾತ್ರ ಇರುವುದಲ್ಲ. ಇನ್ನರ್ ರೇಸ್ ಎರಡು ತುಂಡು. ಆ ಎರಡು ತುಂಡುಗಳನ್ನು ಒಂದಕ್ಕೊಂದು ಒತ್ತಿ, ಗುಂಡುಗಳಿಗೆ ಎಷ್ಟು ಬಿಗಿ ಬೇಕೋ ಅಷ್ಟೇ ಬಿಗಿ ಕೊಡುವುದು ಆ ನಟ್ಟೇ. ಸಡಿಲವಾದರೆ ತುಂಡುಗಳು ಬೇರೆಯಾಗಿ ಚಕ್ರ ಆಟವಾಡುತ್ತದೆ, ಮಿತಿ ಮೀರಿ ಬಿಗಿದರೆ ನಟ್, ಶಾಫ್ಟಿನ ಪುರಿ, ಬೇರಿಂಗ್ ಮೂರಕ್ಕೂ ಪೆಟ್ಟು. ಅನೇಕ ಕಾರುಗಳಲ್ಲಿ ಇದರ ಬಿಗಿತ 200 ನ್ಯೂಟನ್ ಮೀಟರ್ ಆಸುಪಾಸು, ಕೆಲವದರಲ್ಲಿ ಅದಕ್ಕಿಂತ ಬಹಳ ಹೆಚ್ಚು. 200 ಎಂದರೆ ಒಂದು ಮೀಟರ್ ಉದ್ದದ ರಾಡಿನ ತುದಿಗೆ 20 ಕೆ.ಜಿ. ತೂಕ ನೇತುಹಾಕಿದಷ್ಟು. ಗನ್ ಎಷ್ಟು ಬಿಗಿಯಿತು ಎಂದು ಅದನ್ನು ಹಿಡಿದವರಿಗೂ ಗೊತ್ತಾಗುವುದಿಲ್ಲ. ಕಂಪ್ರೆಸರ್‌ನಲ್ಲಿ ಗಾಳಿ ಇಳಿದಾಗ ಒಂದು, ತುಂಬಿದಾಗ ಇನ್ನೊಂದು. ಸಾಲದ್ದಕ್ಕೆ ಗನ್ ಬಿಗಿಯುವುದೇ ಏಟಿನ ಮೇಲೆ ಏಟು ಕೊಟ್ಟು. ಪ್ರೆಸ್‌ನಲ್ಲಿ ಜೋಪಾನವಾಗಿ ಕೂರಿಸಿದ ಬೇರಿಂಗ್‌ಗೆ ಕೊನೆಯ ನಿಮಿಷದಲ್ಲಿ ಆ ಏಟು ಯಾಕೆ? ಬಿಚ್ಚಲು ಬೇಕಾದರೆ ಗನ್ ಬಳಸಿ. ಬಿಗಿಯುವಾಗ ಬ್ರೇಕ್ ಒತ್ತಿ ಹಿಡಿಸಿ ರೆಂಚ್ ಎಳೆಯಿರಿ. ನಟ್ ಹೊಸದಿರಲಿ, ಹಳೆಯದರ ಕತ್ತು ಒಮ್ಮೆ ಮಡಿಚಿದ್ದಾಗಿದೆ.

ಗ್ಯಾರೇಜಿನಲ್ಲಿ ಜಾಗ ಮಾಡಲು ಡ್ರೈವ್ ಶಾಫ್ಟ್ ಬಿಚ್ಚಿದ ಕಾರನ್ನು ಚಕ್ರ ಊರಿಸಿ ತಳ್ಳುವ ಅಭ್ಯಾಸವಿದೆ. ‘ನಾಲ್ಕು ಹೆಜ್ಜೆ ತಳ್ಳಿದರೆ ಏನಾಗುತ್ತದೆ’ ಎಂದು ಕೇಳಿದರು. ನಟ್ ಬಿಗಿಯಿಲ್ಲದ ಹೊತ್ತಿನಲ್ಲಿ ಕಾರಿನ ಭಾರವೆಲ್ಲ ಹಿಡಿತ ತಪ್ಪಿದ ಎರಡು ಅರ್ಧ ರೇಸ್‌ಗಳ ಮೇಲೆ ಬೀಳುತ್ತದೆ. ಹೊಸ ಬೇರಿಂಗ್ ಆ ನಾಲ್ಕು ಹೆಜ್ಜೆಗೇ ಹಾಳಾಗಬಹುದು.

ಇನ್ನು ಗ್ರೀಸ್. ‘ಸೀಲ್ ಎಬ್ಬಿಸಿ ಪೆಟ್ರೋಲ್‌ನಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದರೆ ಸದ್ದು ಹೋಗುತ್ತದೆ’ ಎಂಬವರಿಗೆ ಉತ್ತರ ಚಿಕ್ಕದು. ಕಿತ್ತುಹೋದ ಉಕ್ಕನ್ನು ಗ್ರೀಸ್ ತುಂಬಿಕೊಡುವುದಿಲ್ಲ, ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದ ಸೀಲ್‌ನ ತುಟಿ ಮತ್ತೆ ನೀರು ತಡೆಯುವುದಿಲ್ಲ. ಕೆಲವು ದಿನ ಸದ್ದು ತಗ್ಗುತ್ತದೆ, ಅಷ್ಟು ದಿನ ಅಪಾಯ ಕಿವಿಗೆ ಬೀಳದೆ ಬೆಳೆಯುತ್ತದೆ.

‘ಸದ್ದು ಬಂದ ಕೂಡಲೇ ಬೇರಿಂಗ್ ಎನ್ನುತ್ತೀರಿ, ಟೈರ್ ಸದ್ದೂ ಹಾಗೇ ಇರುತ್ತದಲ್ಲ’ ಎಂದ ಕಾರು ಮಾಲೀಕರ ಮಾತಿನಲ್ಲಿ ಹುರುಳಿದೆ. ಚೆನ್ನಾಗಿದ್ದ ಬೇರಿಂಗ್ ಬಿಚ್ಚಿಸಿಕೊಂಡು ದುಡ್ಡು ಕಳೆದುಕೊಂಡವರು ಎಷ್ಟೋ ಜನ. ಅದಕ್ಕೇ ಬಿಚ್ಚುವ ಮೊದಲು ಪರೀಕ್ಷಿಸಬೇಕು. ಬೇರಿಂಗಿನ ಸದ್ದು ವೇಗದ ಜೊತೆ ಏರುತ್ತದೆ, ಗೇರ್ ನ್ಯೂಟ್ರಲ್‌ಗೆ ಬಿದ್ದರೂ ನಿಲ್ಲುವುದಿಲ್ಲ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಎಳೆದರೆ ಭಾರ ಎಡ ಚಕ್ರಕ್ಕೆ ಹೋಗುತ್ತದೆ. ಆಗ ಸದ್ದು ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯದು ಹೋಗಿದೆ ಎಂದರ್ಥ. ಅಲೆಯಲೆಯಾಗಿ ಸವೆದ ಟೈರ್ ಹಾಗೆ ಬದಲಾಗುವುದು ಕಡಿಮೆ, ಅದು ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ರಾಗ ಬದಲಿಸುತ್ತದೆ. ಅನುಮಾನ ಉಳಿದರೆ ಮುಂದಿನ ಟೈರ್ ಹಿಂದಕ್ಕೆ ಹಾಕಿ ಓಡಿಸಿ, ಸದ್ದು ಟೈರಿನ ಜೊತೆ ಹೋಯಿತೋ ಅಲ್ಲೇ ಉಳಿಯಿತೋ ನೋಡಿ. ಆಮೇಲೆ ಚಕ್ರವನ್ನು ನೆಲದಿಂದ ಎತ್ತಿ, ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಒರಟುತನ ಸ್ಪ್ರಿಂಗಿನಲ್ಲಿ ಜುಮುಜುಮು ಎಂದು ಕೈಗೆ ತಾಗುತ್ತದೆ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಒಬ್ಬರು ಬ್ರೇಕ್ ಒತ್ತಲಿ. ಆಟ ನಿಂತರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್ ನೋಡಬೇಕು. ಇಷ್ಟು ಮಾಡಲು ಹೆಚ್ಚು ಹೊತ್ತು ಬೇಡ.

‘ಎರಡೂ ಕಡೆ ಒಟ್ಟಿಗೇ ಬದಲಿಸಬೇಕು’ ಎಂದು ಹೇಳುವವರ ಜೊತೆಗೂ ನನ್ನ ಸಹಮತವಿಲ್ಲ. ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್ ಜೋಡಿಯಾಗಿ ಹಾಕಬೇಕು, ಸರಿ. ಬೇರಿಂಗ್ ಹೋದ ಕಡೆಯದು ಹಾಕಿದರೆ ಸಾಕು. ನೀರಲ್ಲಿ ಮುಳುಗಿದ ಕಾರುಗಳ ಮಾತು ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೀರಲ್ಲಿ ನಿಂತ ಕಾರುಗಳಂಥವುಗಳಲ್ಲಿ ನಾಲ್ಕೂ ಚಕ್ರ ಪರೀಕ್ಷಿಸಬೇಕು. ಓಡಿ ಬಿಸಿಯಾದ ಬೇರಿಂಗ್ ನೀರಿಗೆ ಇಳಿದು ಥಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ ಸೀಲ್‌ನ ಅಂಚಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ.

ಕೊನೆಗೆ ದುಡ್ಡಿನ ಪ್ರಶ್ನೆ. ‘ಪ್ರೆಸ್ ಇಲ್ಲದ ಸಣ್ಣ ಗ್ಯಾರೇಜ್ ನಮ್ಮದು. ನೀವು ಹೇಳಿದಂತೆ ಮಾಡಿದರೆ ಗಿರಾಕಿ ಕೊಡುತ್ತಾರಾ?’ ಇದು ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿದ ಆಕ್ಷೇಪ, ಏಕೆಂದರೆ ಇದರಲ್ಲಿ ಹಟ ಇಲ್ಲ, ಹೊಟ್ಟೆಪಾಡು ಇದೆ. ಪ್ರೆಸ್ ಕೊಳ್ಳಬೇಕಾಗಿಲ್ಲ. ತಾಲ್ಲೂಕು ಕೇಂದ್ರದಲ್ಲೂ ಲೇತ್ ಅಂಗಡಿ ಇರುತ್ತದೆ, ಅಲ್ಲಿ ಸಾಮಾನ್ಯವಾಗಿ ಪ್ರೆಸ್ ಇರುತ್ತದೆ. ನಕಲ್ ಬಿಚ್ಚಿ, ತೊಳೆದು, ಬೇರಿಂಗ್ ಜೊತೆ ಒಯ್ದರೆ ಹಳೇದು ತೆಗೆದು ಹೊಸದು ಒತ್ತಿಕೊಡುತ್ತಾರೆ. ಅಲ್ಲಿ ಪಕ್ಕದಲ್ಲಿ ನಿಂತು ಇನ್ನರ್‌ಗೆ ಆಧಾರ ಕೊಡಿಸಿ, ಅಷ್ಟೇ ನಿಮ್ಮ ಜವಾಬ್ದಾರಿ. ಅದರ ಕೂಲಿಯನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಯಿರಿ, ಬಿಚ್ಚಿದ ಹಳೆಯ ಬೇರಿಂಗನ್ನು ಗಿರಾಕಿಯ ಕೈಗೆ ಕೊಡಿ. ಮಾಲೀಕರಿಗೂ ಒಂದು ಮಾತು. ಕೂಲಿಯಲ್ಲಿ ಚೌಕಾಶಿ ಮಾಡಿ, ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಕ್ಕಿತೆಂದು ಬಿಲ್ಲಿಲ್ಲದ ಬೇರಿಂಗ್ ತಂದುಕೊಟ್ಟು, ಬಾಳಿಕೆ ಬರಲಿಲ್ಲವೆಂದು ಮೆಕ್ಯಾನಿಕ್ ಮೇಲೆ ಹರಿಹಾಯುವುದು ನ್ಯಾಯವಲ್ಲ. ಹೆಸರಾಂತ ಬ್ರ್ಯಾಂಡುಗಳ ನಕಲಿ ಬೇರಿಂಗ್ ಡಬ್ಬಿ ಸಮೇತ ಮಾರಾಟಕ್ಕಿವೆ. ಅಧಿಕೃತ ವಿತರಕರಿಂದ ಬಿಲ್ ಸಮೇತ ಕೊಳ್ಳಿ, ಎಸ್‌ಕೆಎಫ್‌ನಂಥ ಕಂಪನಿಗಳು ಅಸಲಿಯೋ ನಕಲಿಯೋ ಪರೀಕ್ಷಿಸಲು ಮೊಬೈಲ್ ಆ್ಯಪ್ ಕೊಟ್ಟಿವೆ, ಬಳಸಿ.

ಮನೆಯಲ್ಲೇ ಮಾಡಿಕೊಳ್ಳುವ ಉತ್ಸಾಹಿಗಳನ್ನು ನಾನು ತಡೆಯುತ್ತಿದ್ದೇನೆ ಎಂಬ ದೂರೂ ಇದೆ. ತಡೆಯುತ್ತಿಲ್ಲ. ಬೋಲ್ಟ್‌ಗಳಲ್ಲಿ ಕೂರುವ ಪೂರ್ತಿ ಹಬ್ ಯೂನಿಟ್ ನಿಮ್ಮ ಕಾರಿನಲ್ಲಿದ್ದರೆ ಪ್ರೆಸ್ಸೇ ಬೇಡ. ಕಾರನ್ನು ಸಮತಟ್ಟು ನೆಲದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕದೆ, ಧಾರಾಳವಾಗಿ ಮಾಡಿ. ಒತ್ತಿ ಕೂರಿಸುವ ಜಾತಿಯಾದರೆ ನಕಲ್ ಬಿಚ್ಚುವವರೆಗೆ ನೀವೇ ಮಾಡಿ, ಒತ್ತುವುದನ್ನು ಲೇತ್ ಅಂಗಡಿಗೆ ಬಿಡಿ. ಸ್ಟ್ರಟ್‌ನ ಬೋಲ್ಟ್ ಸಡಿಲಿಸುವ ಮೊದಲು ಅದರ ಜಾಗಕ್ಕೆ ಬಿಳಿ ಬಣ್ಣದ ಗುರುತು ಹಾಕಿ, ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮೊದಲ ಸಲ ಓಡಿಸಿ ಬಂದ ಮೇಲೆ ಚಕ್ರದ ನಟ್‌ಗಳನ್ನು ರೆಂಚ್‌ನಲ್ಲಿ ಇನ್ನೊಮ್ಮೆ ನೋಡಿ, ಹಬ್ ಹತ್ತಿರ ಕೈ ಹಿಡಿದು ಎರಡೂ ಬದಿಯ ಬಿಸಿ ಹೋಲಿಸಿ. ಹೊಸದು ಹಾಕಿದ ಕಡೆ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಕಾರು ಅಲ್ಲೇ ನಿಲ್ಲಲಿ.